ಅಳಿಸದೆ ಉಳಿದ ನಗು

ಆಫೀಸಿಂದ ಬಂದು, ಊಟದ ತಟ್ಟೆ ಹಿಡ್ಕೊಂಡು ‘ಫ್ರೆಂಡ್ಸ್’ ಅನ್ನ ನಾಲ್ಕನೇ ಸಲ ನೋಡೋರು ನಮ್ಮಲ್ಲಿ ಕಮ್ಮಿ ಇಲ್ಲ. ನಾನೂ ಆ ಪೈಕಿಯೇ. ಹಳೇದೆಲ್ಲ ಎಲ್ಲೋ ಒಂದು ಕಡೆ ಇದ್ದೇ ಇರುತ್ತೆ ಅಂದುಕೊಂಡಿದ್ದೆ, ‘ಐ ಲವ್ ಲೂಸಿ’ಯ ಕಥೆ ಓದುವ ತನಕ.

1951. ಅಮೆರಿಕದ ಟಿವಿ ಬಹುಪಾಲು ನ್ಯೂಯಾರ್ಕಿನಿಂದ ನೇರ ಪ್ರಸಾರವಾಗುತ್ತಿದ್ದ ಕಾಲ. ಪಶ್ಚಿಮ ಕರಾವಳಿಯವರಿಗೆ ಸಿಗುತ್ತಿದ್ದದ್ದು, ಟಿವಿ ಪರದೆಗೇ ಕ್ಯಾಮೆರಾ ಹಿಡಿದು ತೆಗೆದ ಮಸುಕು ಪ್ರತಿ. ಲೂಸಿಲ್ ಬಾಲ್ ಮತ್ತು ಗಂಡ ಡೆಸಿ ಅರ್ನಾಜ್ ಲಾಸ್ ಏಂಜಲೀಸ್ ಬಿಟ್ಟು ಬರಲ್ಲ ಅಂದರು. ಪ್ರಾಯೋಜಕ ಸಿಗರೇಟು ಕಂಪನಿಗೋ, ಪೂರ್ವದ ದೊಡ್ಡ ಮಾರುಕಟ್ಟೆಗೆ ಆ ಮಸುಕು ಪ್ರತಿ ಹೋಗೋದು ಬೇಡ. ಸರಿ, 35 ಎಂಎಂ ಫಿಲ್ಮಿನಲ್ಲೇ ತೆಗೆಯೋಣ ಅಂತಾಯಿತು. ಖರ್ಚು ಜಾಸ್ತಿ. ದಂಪತಿ ಸಂಬಳದಲ್ಲಿ ಒಂದಷ್ಟು ಬಿಟ್ಟುಕೊಟ್ಟು, ಬದಲಿಗೆ ಆ ಫಿಲ್ಮುಗಳ ಹಕ್ಕು ಕೇಳಿದರು. ಸಿಬಿಎಸ್ ಒಪ್ಪಿಬಿಟ್ಟಿತು! ಒಮ್ಮೆ ಪ್ರಸಾರವಾದದ್ದನ್ನ ಮತ್ತೆ ಯಾರು ನೋಡ್ತಾರೆ?

ಮೂರು ಕ್ಯಾಮೆರಾ, ಎದುರಿಗೆ ನಿಜವಾದ ಜನ. ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್, ಜರ್ಮನಿಯಲ್ಲಿ ‘ಮೆಟ್ರೊಪೊಲಿಸ್’ ಚಿತ್ರೀಕರಿಸಿದವರಲ್ಲೊಬ್ಬ. ಮುಂದೆ ಲೂಸಿ ಬಸುರಿಯಾದಾಗ (ಆ ಪದವನ್ನ ಸೀರಿಯಲ್ಲಿನಲ್ಲಿ ಆಡುವ ಹಾಗಿರಲಿಲ್ಲ ಬಿಡಿ) ಹಳೆಯ ಕಂತುಗಳನ್ನೇ ಮತ್ತೆ ಹಾಕಿದರು. ಜನ ಮತ್ತೆ ನೋಡಿದರು. 1957ರ ಹೊತ್ತಿಗೆ ಅದೇ ಸಿಬಿಎಸ್ ಆ ಹಕ್ಕುಗಳನ್ನ ಕೊಂಡುಕೊಳ್ಳಲು ದಶಲಕ್ಷಗಟ್ಟಲೆ ಡಾಲರ್ ತೆರಬೇಕಾಯಿತು.

ಬ್ರಿಟನ್ನಿನಲ್ಲಿ ಹೀಗಾಗಲಿಲ್ಲ. ವಿಡಿಯೊ ಟೇಪು ದುಬಾರಿ, ಅಳಿಸಿದರೆ ಮತ್ತೆ ಬಳಸಬಹುದು. ಮರುಪ್ರಸಾರಕ್ಕೆ ಕಲಾವಿದರ ಒಪ್ಪಂದಗಳ ಮಿತಿ ಬೇರೆ. ಬಿಬಿಸಿ ಅಳಿಸಿತು. 1969ರಲ್ಲಿ ಬಂದ ‘ಡ್ಯಾಡ್ಸ್ ಆರ್ಮಿ’ಯ ಎರಡನೇ ಸರಣಿಯ ಆರು ಕಂತುಗಳಲ್ಲಿ ಐದು ಮಾಯ. 2001ರಲ್ಲಿ ಎರಡರ ಫಿಲ್ಮ್ ಪ್ರತಿಗಳು ಸಿಕ್ಕವು. ಮೂರು ಇವತ್ತಿಗೂ ಇಲ್ಲ. ಅಳಿಸಿದವರನ್ನ ಬೈಯೋದು ಸುಲಭ, ಆದ್ರೆ ಫೋನಿನ ಮೆಮೊರಿ ತುಂಬಿದಾಗ ನಾವೂ ಮಾಡೋದು ಅದನ್ನೇ.

ನನಗೆ ತೀರಾ ಹೊಟ್ಟೆ ಉರಿಸಿದ್ದು ಇನ್ನೊಂದು. 1971ರ ‘ಆಲ್ ಇನ್ ದ ಫ್ಯಾಮಿಲಿ’ಯ ಆರ್ಚಿ ಬಂಕರ್, ಕರಿಯರನ್ನೂ ಯಹೂದಿಗಳನ್ನೂ ಸ್ವಂತ ಅಳಿಯನನ್ನೂ ಕುರ್ಚಿಯಲ್ಲಿ ಕೂತೇ ಹೀಯಾಳಿಸೋ ಅಪ್ಪ. ಅವನಿಗೆ ಮೂಲ ಬಿಬಿಸಿಯ ‘ಟಿಲ್ ಡೆತ್ ಅಸ್ ಡು ಪಾರ್ಟ್’ನ ಆಲ್ಫ್ ಗಾರ್ನೆಟ್. ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡೋಣ ಅಂತ ಒಂದು ಶನಿವಾರ ಕೂತೆ. ನಕಲು ಇಡಿಯಾಗಿ ಸಿಕ್ಕಿತು. ಮೂಲದ ಅರವತ್ತರ ದಶಕದ ಎಷ್ಟೋ ಕಂತುಗಳ ಜಾಗದಲ್ಲಿ ಬರೀ ಹೆಸರು, ತಾರೀಖು.