ವಿದ್ಯುತ್ ಕಾರಿನ ಹಿಂಚಕ್ರಕ್ಕೆ ಹೊಂದಿಸಬಹುದಾದ ಆರ್ಮ್: ಏಕೆ, ಹೇಗೆ?

ಹೊರಗಿನಿಂದ ನೋಡಿದರೆ ಟೈರು ಚೆನ್ನಾಗಿಯೇ ಇರುತ್ತದೆ. ಕಾರನ್ನು ಮೇಲೆತ್ತಿ ಒಳಬದಿ ನೋಡಿದಾಗ ಮಾತ್ರ ರಬ್ಬರು ಸವೆದು ತಂತಿ ಹೊರಬಂದಿರುವುದು ಗೊತ್ತಾಗುತ್ತದೆ. ಅಮೆರಿಕದಲ್ಲಿ 2012ರಲ್ಲಿ ಮಾರಾಟಕ್ಕೆ ಬಂದ ಟೆಸ್ಲಾ ಮಾಡೆಲ್ ಎಸ್ ಕಾರಿನ ಹಿಂಚಕ್ರಗಳಲ್ಲಿ ಅನೇಕ ಮಾಲೀಕರು ಇದನ್ನು ಗಮನಿಸಿದರು. ಇದಕ್ಕೆ ಪರಿಹಾರವಾಗಿ ಬಿಡಿಭಾಗ ತಯಾರಕರು ಉದ್ದವನ್ನು ಹೆಚ್ಚು ಕಡಿಮೆ ಮಾಡಬಹುದಾದ ಹಿಂಬದಿ ಸಸ್ಪೆನ್ಷನ್ ಆರ್ಮ್‌ಗಳನ್ನು ಮಾರುಕಟ್ಟೆಗೆ ತಂದರು. 2017ರಲ್ಲಿ ಬಂದ ಮಾಡೆಲ್ 3 ಕಾರಿಗೂ ಇಂಥ ಆರ್ಮ್‌ಗಳು ದೊರೆಯುತ್ತವೆ.

ಕ್ಯಾಂಬರ್ ಮತ್ತು ಟೋ

ಎದುರಿನಿಂದ ನೋಡಿದಾಗ ಚಕ್ರ ಎಷ್ಟು ವಾಲಿದೆ ಎಂಬುದೇ ಕ್ಯಾಂಬರ್. ಮೇಲ್ತುದಿ ಒಳಕ್ಕೆ ವಾಲಿದ್ದರೆ ಅದು ನೆಗೆಟಿವ್ ಕ್ಯಾಂಬರ್. 70 ಸೆಂ.ಮೀ. ಎತ್ತರದ ಚಕ್ರ 1 ಡಿಗ್ರಿ ವಾಲಿದರೆ ಮೇಲ್ತುದಿಯು ಕೆಳತುದಿಗಿಂತ ಸುಮಾರು 12 ಮಿ.ಮೀ. ಒಳಗಿರುತ್ತದೆ. ತಿರುವಿನಲ್ಲಿ ಹಿಡಿತ ಸಿಗಲೆಂದು ಕಂಪನಿಯವರೇ ಸ್ವಲ್ಪ ನೆಗೆಟಿವ್ ಕ್ಯಾಂಬರ್ ಇಟ್ಟಿರುತ್ತಾರೆ. ಕಾರನ್ನು ತಗ್ಗಿಸಿದಷ್ಟೂ ಇದು ಹೆಚ್ಚುತ್ತದೆ. ಗಾಳಿ ಸಸ್ಪೆನ್ಷನ್ ಇರುವ ಕಾರು ಹೆದ್ದಾರಿ ವೇಗದಲ್ಲಿ ತಾನಾಗಿಯೇ ತಗ್ಗುವುದರಿಂದ ಅಲ್ಲಿ ಸಮಸ್ಯೆ ಹೆಚ್ಚು.

ಮೇಲಿನಿಂದ ನೋಡಿದಾಗ ಚಕ್ರದ ಮುಖ ಒಳಕ್ಕೋ ಹೊರಕ್ಕೋ ತಿರುಗಿರುವುದು ಟೋ. ಎತ್ತಿನ ಗಾಡಿಯ ಚಕ್ರ ಓರೆಯಾದರೆ ಉರುಳುವುದರ ಜೊತೆಗೆ ನೆಲಕ್ಕೆ ಉಜ್ಜಿಕೊಂಡೂ ಹೋಗುವುದಿಲ್ಲವೇ? ಇದೂ ಹಾಗೆಯೇ. ಕೇವಲ 0.1 ಡಿಗ್ರಿ ಓರೆಯಾದ ಚಕ್ರ ಪ್ರತಿ ಕಿ.ಮೀ.ಗೆ ಸುಮಾರು 1.75 ಮೀಟರ್‌ನಷ್ಟು ಅಡ್ಡಕ್ಕೆ ಉಜ್ಜುತ್ತದೆ. ಟೈರನ್ನು ಬೇಗ ತಿನ್ನುವುದು ಟೋ. ಆ ಸವೆತವನ್ನು ಒಳಅಂಚಿಗೆ ತಳ್ಳುವುದು ಕ್ಯಾಂಬರ್. ಬ್ಯಾಟರಿಯ ಭಾರ, ಮೋಟಾರಿನ ಎಳೆತ, ರೀಜನರೇಟಿವ್ ಬ್ರೇಕ್ ಇವೂ ಸವೆತಕ್ಕೆ ಕೈಜೋಡಿಸುತ್ತವೆ.

ಈ ಕಾರುಗಳ ಹಿಂಚಕ್ರದಲ್ಲಿ ಟೋ ಸರಿಪಡಿಸಲು ಕಂಪನಿಯೇ ವ್ಯವಸ್ಥೆ ಮಾಡಿದೆ, ಕ್ಯಾಂಬರ್‌ಗೆ ಇಲ್ಲ. ಆ ಕೊರತೆಯನ್ನು ತುಂಬುವುದೇ ಹೊಸ ಆರ್ಮ್‌ನ ಕೆಲಸ. ಮೇಲಿನ ಆರ್ಮ್ ಉದ್ದವಾದರೆ ಚಕ್ರದ ಮೇಲ್ತುದಿ ಹೊರಕ್ಕೆ ಸರಿದು ನೆಗೆಟಿವ್ ಕ್ಯಾಂಬರ್ ಕಡಿಮೆಯಾಗುತ್ತದೆ. ಆದರೆ ಕ್ಯಾಂಬರ್ ಬದಲಾದಾಗ ಟೋ ಕೂಡ ಬದಲಾಗುತ್ತದೆ. ಆದ್ದರಿಂದ ಆರ್ಮ್ ಹಾಕಿಸಿ ಅಲೈನ್‌ಮೆಂಟ್ ಮಾಡಿಸದಿದ್ದರೆ ಹೊಸ ಟೈರು ಹಳೆಯದಕ್ಕಿಂತ ಬೇಗ ಹಾಳಾಗಬಹುದು.

ಜೋಡಣೆಯ ಕ್ರಮ

1. ಮೊದಲು ನಾಲ್ಕೂ ಚಕ್ರಗಳ ಅಲೈನ್‌ಮೆಂಟ್ ಅಳತೆ ತೆಗೆಸಿ ಕಾಗದ ಇಟ್ಟುಕೊಳ್ಳಬೇಕು. ಟೋ ಮಾತ್ರ ತಪ್ಪಿದ್ದರೆ ಆರ್ಮ್ ಖರ್ಚೇ ಬೇಕಾಗುವುದಿಲ್ಲ.

2. ಕಾರಿನ ತಳದಲ್ಲಿ ಬ್ಯಾಟರಿ ಇರುತ್ತದೆ. ಕಂಪನಿ ಗುರುತಿಸಿದ ಜಾಗಕ್ಕೆ ಮಾತ್ರ ಜ್ಯಾಕ್ ಕೊಡಬೇಕು, ತಪ್ಪಿದರೆ ಬ್ಯಾಟರಿಯ ಕವಚಕ್ಕೇ ಪೆಟ್ಟು. ಗಾಳಿ ಸಸ್ಪೆನ್ಷನ್ ಇದ್ದರೆ ಮೊದಲು ಜ್ಯಾಕ್ ಮೋಡ್‌ಗೆ ಹಾಕಬೇಕು. ಮೇಲೆತ್ತಿದ ಮೇಲೆ ಸ್ಟ್ಯಾಂಡ್ ಇಡದೆ ಅಡಿಗೆ ಹೋಗಬಾರದು. ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಹೆಚ್ಚು ವೋಲ್ಟೇಜ್ ಇರುತ್ತದೆ, ಅವನ್ನು ಮುಟ್ಟಬಾರದು.

3. ಚಕ್ರ ಬಿಚ್ಚಿ ಹಬ್‌ಗೆ ಇನ್ನೊಂದು ಜ್ಯಾಕ್‌ನ ಆಸರೆ ಕೊಡಬೇಕು. ಇಲ್ಲದಿದ್ದರೆ ಆರ್ಮ್ ಕಳಚಿದೊಡನೆ ಹಬ್ ವಾಲಿ ಬ್ರೇಕ್ ಪೈಪ್ ಮತ್ತು ಸೆನ್ಸರ್ ವೈರು ಎಳೆದುಕೊಳ್ಳುತ್ತವೆ.

4. ಹಳೆಯ ಆರ್ಮ್‌ನ ಎರಡೂ ತೂತುಗಳ ನಡುವಿನ ಅಂತರ ಅಳೆದು, ಹೊಸದನ್ನು ಅಷ್ಟೇ ಉದ್ದಕ್ಕೆ ಇಟ್ಟು ಜೋಡಿಸಬೇಕು. ಮರುಬಳಕೆ ಬೇಡವೆಂದು ಕಂಪನಿ ಹೇಳಿರುವ ಬೋಲ್ಟ್‌ಗಳಿಗೆ ಹೊಸವನ್ನೇ ಹಾಕಬೇಕು.

5. ರಬ್ಬರ್ ಬುಷ್ ಇದ್ದರೆ ಚಕ್ರ ಗಾಳಿಯಲ್ಲಿ ನೇತಾಡುವಾಗ ಬೋಲ್ಟನ್ನು ಪೂರ್ತಿ ಬಿಗಿಯಬಾರದು. ಬಿಗಿದರೆ ಕಾರು ನೆಲಕ್ಕೆ ಇಳಿದಾಗ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಕಾರಿನ ಭಾರ ಚಕ್ರದ ಮೇಲೆ ಬಿದ್ದ ಸ್ಥಿತಿಯಲ್ಲೇ ಕಂಪನಿ ಹೇಳಿದ ಟಾರ್ಕ್‌ಗೆ ಬಿಗಿಯಬೇಕು.

6. ಅಲೈನ್‌ಮೆಂಟ್ ಯಂತ್ರದ ಮೇಲೆ ಮೊದಲು ಕ್ಯಾಂಬರ್, ಆಮೇಲೆ ಟೋ ಸರಿಪಡಿಸಬೇಕು. ಎಡಬಲ ಸಮವಾಗಿರಲಿ. ಕ್ಯಾಂಬರನ್ನು ಸೊನ್ನೆಗೆ ತರುವ ಆಸೆ ಬೇಡ, ಕಂಪನಿಯ ಮಿತಿಯೊಳಗಿದ್ದರೆ ಸಾಕು. ಲಾಕ್‌ನಟ್ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಬೇಕು.

ಕೆಲವು ಆರ್ಮ್‌ಗಳಲ್ಲಿ ರಬ್ಬರ್ ಬದಲು ಲೋಹದ ಗುಂಡು ಬೇರಿಂಗ್ ಇರುತ್ತದೆ. ಅಳತೆ ಕದಲುವುದಿಲ್ಲ, ಆದರೆ ಧೂಳು ಕೆಸರಿನ ರಸ್ತೆಯಲ್ಲಿ ಬೇಗ ಸವೆದು ಸದ್ದು ಮಾಡುತ್ತದೆ. ಹಳ್ಳಿ ರಸ್ತೆಗೆ ರಬ್ಬರ್ ಬುಷ್ ವಾಸಿ.

ನಮ್ಮ ಕಡೆಯ ಕಾರುಗಳು

ಎಲ್ಲ ಕಾರಿಗೂ ಇದು ಅನ್ವಯಿಸದು. ಟಾಟಾ ನೆಕ್ಸಾನ್ ಇವಿ, ಟಿಯಾಗೊ ಇವಿ ಕಾರುಗಳ ಹಿಂಬದಿಯಲ್ಲಿ ಎರಡೂ ಚಕ್ರಗಳನ್ನು ಕೂಡಿಸುವ ಒಂದೇ ತೊಲೆ ಇದೆ. ಅಲ್ಲಿ ಬದಲಿಸಲು ಪ್ರತ್ಯೇಕ ಕ್ಯಾಂಬರ್ ಆರ್ಮ್ ಇಲ್ಲ. ಮಹೀಂದ್ರ ಬಿಇ 6ರಂಥ ಕಾರುಗಳಲ್ಲಿ ಹಲವು ಆರ್ಮ್‌ಗಳ ಸಸ್ಪೆನ್ಷನ್ ಇದೆ. ಟೆಸ್ಲಾ ಕೂಡ 2025ರ ಜುಲೈನಲ್ಲಿ ಮುಂಬಯಿಯಲ್ಲಿ ಮಳಿಗೆ ತೆರೆದು ಮಾಡೆಲ್ ವೈ ಮಾರಾಟ ಆರಂಭಿಸಿತು.

ಕಾನೂನಿನ ಮಾತು

ಗಡಿಯ ಯಾವ ಕಡೆ ಇದ್ದರೂ ಮೋಟಾರು ವಾಹನ ಕಾಯಿದೆ (1988) ಒಂದೇ. ಅದರ 52ನೇ ಸೆಕ್ಷನ್ ಪ್ರಕಾರ ಆರ್.ಸಿ. ವಿವರಗಳು ಕಂಪನಿಯ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಮಾರ್ಪಾಡು ಒಂದಕ್ಕೆ 5,000 ರೂ. ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಬಹುದು. ಆದ್ದರಿಂದ ಹಣ ಕೊಡುವ ಮೊದಲೇ ಆರ್.ಟಿ.ಓ. ಕಚೇರಿ, ವಿಮೆ ಕಂಪನಿ ಮತ್ತು ಕಾರಿನ ಡೀಲರ್ ಬಳಿ ವಿಚಾರಿಸುವುದು ಒಳ್ಳೆಯದು.

ಆರ್ಮ್ ಹಾಕಿಸಲಿ, ಬಿಡಲಿ, ತಿಂಗಳಿಗೊಮ್ಮೆ ಟೈರಿನ ಒಳಅಂಚನ್ನು ಬ್ಯಾಟರಿ ಬೆಳಕಿನಲ್ಲಿ ನೋಡುವುದಕ್ಕೆ ಖರ್ಚಿಲ್ಲ. ಮಳೆಗಾಲದ ಘಾಟಿಯಲ್ಲಿ ಜೀವ ಉಳಿಸುವುದು ಅದೇ.