ಸಣ್ಣ ಶಾಲೆ, ದೊಡ್ಡ ಶೇಕಡಾವಾರು: ಹುತ್ರಿದುರ್ಗದಂಥ ಹೋಬಳಿಯ ಎಸ್‌ಎಸ್‌ಎಲ್‌ಸಿ ಫಲಿತಾಂಶವನ್ನು ರಿಗ್ರೆಷನ್ನಿನಿಂದ ಓದುವ ಬಗೆ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಹೊರಬಿದ್ದ ದಿನವೇ ಜಿಲ್ಲೆಗಳ ಸ್ಥಾನಪಟ್ಟಿ ಪ್ರಕಟವಾಗುತ್ತದೆ. ಅದರ ಬೆನ್ನಿಗೆ ತಾಲ್ಲೂಕುಗಳದು, ಆಮೇಲೆ ಶಾಲೆಗಳದು. ನೂರಕ್ಕೆ ನೂರು ಬಂದ ಶಾಲೆಗೆ ಸನ್ಮಾನ. ತೀರಾ ಕುಸಿದ ಶಾಲೆಯ ಮುಖ್ಯ ಶಿಕ್ಷಕರಿಗೆ ಕಾರಣ ಕೇಳಿ ನೋಟಿಸು. ತುಮಕೂರು ಜಿಲ್ಲೆಯಲ್ಲಿ ತುಮಕೂರು ಮತ್ತು ಮಧುಗಿರಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಿರುವುದರಿಂದ ಈ ಲೆಕ್ಕ ಎರಡು ಕಡೆ ನಡೆಯುತ್ತದೆ. ಗುಬ್ಬಿ, ಕುಣಿಗಲ್ ತಾಲ್ಲೂಕುಗಳು ಮೊದಲನೆಯದಕ್ಕೆ ಸೇರಿದವು. ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದಂಥ ಗ್ರಾಮೀಣ ಹೋಬಳಿಯಲ್ಲಿ ಒಂದು ಶಾಲೆಯ ಒಂದು ವರ್ಷದ ಶೇಕಡಾವಾರು ಅಂಕಿಗೆ ಇಷ್ಟು ಭಾರ ಹೊರುವ ಶಕ್ತಿ ಇಲ್ಲ ಎಂಬುದು ಈ ಲೇಖನದ ವಾದ. ರಿಗ್ರೆಷನ್ ವಿಶ್ಲೇಷಣೆಯನ್ನು, ಅಂದರೆ ಒಂದು ಅಂಕಿಯಿಂದ ಇನ್ನೊಂದನ್ನು ಅಂದಾಜಿಸುವ ಲೆಕ್ಕವನ್ನು, ಸರಿಯಾಗಿ ಬಳಸಿದರೆ ಅದು ಹೊಸ ಸ್ಥಾನಪಟ್ಟಿಯನ್ನು ಕೊಡುವುದಿಲ್ಲ, ಇರುವ ಪಟ್ಟಿಯನ್ನು ಎಷ್ಟು ನಂಬಬೇಕೆಂದು ಹೇಳುತ್ತದೆ.

ಇಂಥ ಹೋಬಳಿಗಳ ಪ್ರೌಢಶಾಲೆಗಳಲ್ಲಿ ಹತ್ತನೇ ತರಗತಿಗೆ ಇಪ್ಪತ್ತು ಮೂವತ್ತು ಮಕ್ಕಳಿರುವುದು ಸಾಮಾನ್ಯ. ಇಪ್ಪತ್ತೆರಡು ಮಕ್ಕಳು ಪರೀಕ್ಷೆಗೆ ಕೂತ ಒಂದು ಶಾಲೆಯನ್ನು ಊಹಿಸೋಣ. ಹದಿನೇಳು ಮಂದಿ ಪಾಸಾದರೆ ಫಲಿತಾಂಶ ಶೇ. 77.3. ಇನ್ನೊಬ್ಬ ಪಾಸಾದರೆ ಶೇ. 81.8. ಜ್ವರ ಬಂದು ಗಣಿತದ ದಿನ ಮಂಕಾಗಿ ಕೂತ ಒಬ್ಬ ಹುಡುಗ ಶಾಲೆಯನ್ನು ತಾಲ್ಲೂಕು ಪಟ್ಟಿಯಲ್ಲಿ ಹತ್ತಾರು ಸ್ಥಾನ ಕೆಳಕ್ಕೆ ತಳ್ಳಬಲ್ಲ. ಪ್ರತಿ ಮಗುವಿಗೂ ಪಾಸಾಗುವ ಸಂಭವನೀಯತೆ ಒಂದೇ, ಅಂದರೆ 0.75 ಎಂದಿಟ್ಟುಕೊಂಡರೂ, ಇಪ್ಪತ್ತೈದು ಮಕ್ಕಳ ಶಾಲೆಯ ಫಲಿತಾಂಶ ಕೇವಲ ಆಕಸ್ಮಿಕವಾಗಿ ಶೇ. 58ರಿಂದ 92ರವರೆಗೆ ಓಲಾಡುತ್ತದೆ. ನಾನೂರು ಮಕ್ಕಳ ಶಾಲೆಯಲ್ಲಿ ಅದೇ ಓಲಾಟ ಶೇ. 71ರಿಂದ 79ರೊಳಗೆ ನಿಲ್ಲುತ್ತದೆ. ಹತ್ತೇ ಮಕ್ಕಳಿರುವ ಇಂಥ ಹದಿನೆಂಟು ಶಾಲೆಗಳಿದ್ದರೆ ಅವುಗಳಲ್ಲಿ ಸುಮಾರು ಒಂದಕ್ಕೆ, ಪಾಠ ಹೇಗೇ ನಡೆದಿರಲಿ, ನೂರಕ್ಕೆ ನೂರು ಬರಬೇಕೆಂಬುದು ನಿರೀಕ್ಷೆ. ಪಟ್ಟಿಯ ತುದಿಯಲ್ಲೂ ತಳದಲ್ಲೂ ಸಣ್ಣ ಶಾಲೆಗಳೇ ಜಮಾಯಿಸುವುದಕ್ಕೆ ಬೇರೆ ರಹಸ್ಯ ಹುಡುಕಬೇಕಿಲ್ಲ. ಅಮೆರಿಕದಲ್ಲಿ ಉತ್ತಮ ಶಾಲೆಗಳ ಪಟ್ಟಿಯ ಮೇಲ್ತುದಿಯನ್ನಷ್ಟೇ ನೋಡಿ, ಶಾಲೆ ಚಿಕ್ಕದಿದ್ದರೆ ಕಲಿಕೆ ಚೆನ್ನ ಎಂದು ನಂಬಿ ದೊಡ್ಡ ಮೊತ್ತದ ಹಣ ಸುರಿದದ್ದುಂಟು. ಪಟ್ಟಿಯ ತಳವನ್ನೂ ನೋಡಬೇಕಿತ್ತು ಎಂದು ಸಂಖ್ಯಾಶಾಸ್ತ್ರಜ್ಞ ಹೊವರ್ಡ್ ವೇನರ್ ತೋರಿಸಿದರು.

ನೋಟಿಸಿನ ಪರಿಣಾಮದ ಕತೆಯೂ ಇಲ್ಲಿಂದಲೇ ಹುಟ್ಟುತ್ತದೆ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ 928 ಮಂದಿಯ ಎತ್ತರವನ್ನು ಅವರ ತಂದೆತಾಯಿಯರ ಎತ್ತರದೊಂದಿಗೆ ಹೋಲಿಸಿದಾಗ ಕಂಡದ್ದು ಇಷ್ಟೆ: ತೀರಾ ಎತ್ತರದವರ ಮಕ್ಕಳು ಎತ್ತರದವರೇ, ಆದರೆ ಸರಾಸರಿಗೆ ಇನ್ನಷ್ಟು ಹತ್ತಿರ. ಶಾಲೆಗಳ ಮಟ್ಟಿಗೂ ಇದೇ ನಡೆಯುತ್ತದೆ. ಈ ವರ್ಷದ ಮತ್ತು ಬರುವ ವರ್ಷದ ಫಲಿತಾಂಶಗಳ ನಡುವಿನ ಸಹಸಂಬಂಧ 0.5 ಎಂದಿದ್ದು, ಶಾಲೆಗಳ ನಡುವಿನ ಏರಿಳಿತ ಎರಡೂ ವರ್ಷ ಒಂದೇ ಆಗಿದ್ದರೆ, ಜಿಲ್ಲಾ ಸರಾಸರಿಗಿಂತ 20 ಅಂಶ ಕೆಳಗಿದ್ದ ಶಾಲೆ ಮರುವರ್ಷ 10 ಅಂಶ ಕೆಳಗಿರಬೇಕೆಂಬುದು ನಿರೀಕ್ಷೆ. ಯಾರೂ ಏನೂ ಮಾಡದಿದ್ದರೂ ಸರಿ. ನೋಟಿಸು ಹೋಗುವುದು ಕುಸಿದ ವರ್ಷದ ನಂತರ, ಹಾಗಾಗಿ ನೋಟಿಸಿನ ನಂತರ ಏರಿಕೆಯೇ ಕಾಣುತ್ತದೆ. ಸನ್ಮಾನ ಏರಿದ ವರ್ಷದ ನಂತರ, ಹಾಗಾಗಿ ಸನ್ಮಾನವಾದ ಶಾಲೆ ಮರುವರ್ಷ ಇಳಿಯುತ್ತದೆ. ಬೈದರೆ ಕೆಲಸ ಆಗುತ್ತದೆ, ಹೊಗಳಿದರೆ ಕೆಡುತ್ತಾರೆ ಎಂಬ ಕಚೇರಿಯ ಅನುಭವಸಿದ್ಧ ನಂಬಿಕೆಗೆ ಇದಕ್ಕಿಂತ ಗಟ್ಟಿಯಾದ ಆಧಾರ ನನಗೆ ಕಂಡಿಲ್ಲ. ರಾತ್ರಿ ತರಗತಿ, ಪಾಸಿಂಗ್ ಪ್ಯಾಕೇಜು, ಹಿಂದುಳಿದ ಮಕ್ಕಳನ್ನು ಶಿಕ್ಷಕರು ದತ್ತು ತೆಗೆದುಕೊಳ್ಳುವ ಯೋಜನೆ, ಇವುಗಳ ಫಲವನ್ನೂ ಕುಸಿದ ಶಾಲೆಗಳಲ್ಲಿ ಮಾತ್ರ, ಹಿಂದು-ಮುಂದಿನ ಎರಡು ವರ್ಷಗಳ ಅಂಕಿ ಇಟ್ಟುಕೊಂಡು ಅಳೆದರೆ ಅದೇ ಭ್ರಮೆ ಮರುಕಳಿಸುತ್ತದೆ. ಅವು ನಿಷ್ಪ್ರಯೋಜಕ ಎಂದಲ್ಲ, ಹಾಗೆ ಅಳೆದರೆ ಗೊತ್ತಾಗುವುದಿಲ್ಲ.

ಅಳತೆಗೋಲೇ ಬದಲಾದ ವರ್ಷಗಳೂ ಇವೆ. 2023ರಲ್ಲಿ ಶೇ. 83.89 ಇದ್ದ ರಾಜ್ಯದ ಫಲಿತಾಂಶ 2024ರಲ್ಲಿ ಶೇ. 73.40ಕ್ಕೆ ಇಳಿಯಿತು. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ನಕಲು ನಿಂತದ್ದೇ ಕುಸಿತಕ್ಕೆ ಕಾರಣ ಎಂಬ ಮಾತು ಎಲ್ಲೆಡೆ ಕೇಳಿಸಿತು. ಅದೇ ವರ್ಷ ಕೃಪಾಂಕವನ್ನು ಶೇ. 20ಕ್ಕೆ ಏರಿಸಲಾಯಿತು, ಅದಕ್ಕೆ ಬೇಕಾದ ಅರ್ಹತಾ ಅಂಕವನ್ನು ಶೇ. 35ರಿಂದ 25ಕ್ಕೆ ಇಳಿಸಲಾಯಿತು. ಒಂದು ಕೈ ಕೆಳಕ್ಕೆ ಎಳೆದಿದೆ, ಇನ್ನೊಂದು ಮೇಲಕ್ಕೆ ಎತ್ತಿದೆ. ಕೃಪಾಂಕ ಸೇರಿಸಿದ ಮೇಲಿನ ಪಾಸು-ಫೇಲು ಅಂಕಿಯನ್ನು 2023ರ ಅಂಕಿಯೊಂದಿಗೆ ಒಂದೇ ರಿಗ್ರೆಷನ್ನಿಗೆ ಹಾಕಿ, ವರ್ಷಕ್ಕೊಂದು ಚಲಕ ಸೇರಿಸಿದರೆ ಸಾಕೆನ್ನುವವರಿದ್ದಾರೆ. ಸಾಲದು. ಗಡಿಯಂಚಿನ ಮಕ್ಕಳು ಹೆಚ್ಚಿರುವ ಶಾಲೆಗೆ ಕೃಪಾಂಕದ ಲಾಭ ಹೆಚ್ಚು, ಆದ್ದರಿಂದ ವರ್ಷದ ಪರಿಣಾಮ ಶಾಲೆಯಿಂದ ಶಾಲೆಗೆ ಬೇರೆಯಾಗುತ್ತದೆ. ಕೃಪಾಂಕಕ್ಕೆ ಮುಂಚಿನ, 625ಕ್ಕೆ ಬಂದ ಅಂಕವೇ ವಿಶ್ಲೇಷಣೆಯ ಮೂಲ ದತ್ತಾಂಶವಾಗಬೇಕು.

ಅದಕ್ಕೂ ಮೊದಲು ಕೇಳಬೇಕಾದ್ದು, ಹೋಬಳಿಯ ಪ್ರೌಢಶಾಲೆಗೆ ಬಂದು ಕೂತ ಮಕ್ಕಳು ಯಾರು? ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಬರೆದು ಮೊರಾರ್ಜಿ ದೇಸಾಯಿ ವಸತಿ ಶಾಲೆಗೋ ಆದರ್ಶ ವಿದ್ಯಾಲಯಕ್ಕೋ ಹೋದವರು ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಇಲ್ಲ. ಬಡ ಮನೆಗಳ ಮಕ್ಕಳು ಹಲವರು ಸಿದ್ಧಗಂಗಾ ಮಠದ ಉಚಿತ ವಿದ್ಯಾರ್ಥಿನಿಲಯ ಸೇರುತ್ತಾರೆ. ಅನ್ನ, ಅಕ್ಷರ, ಆಶ್ರಯ ಮೂರೂ ಅಲ್ಲಿ ಸಿಗುತ್ತವೆ. ಮೊದಲನೆಯ ಆಯ್ಕೆ ಅಂಕ ನೋಡಿ ಆಗುವಂಥದು, ಎರಡನೆಯದು ಮನೆಯ ಸ್ಥಿತಿಯಿಂದ. ಶುಲ್ಕ ಕೊಡಬಲ್ಲವರು ಇಂಗ್ಲಿಷ್ ಮಾಧ್ಯಮದ ಶಾಲಾ ಬಸ್ಸು ಹತ್ತುತ್ತಾರೆ. ಇದಲ್ಲದೆ ಹುತ್ರಿದುರ್ಗ ಹೋಬಳಿ ಕುಣಿಗಲ್ ತಾಲ್ಲೂಕಿನ ಪೂರ್ವದ ಅಂಚಿನಲ್ಲಿದೆ. ಮಾಗಡಿ ಕೆಂಪೇಗೌಡರ ವಂಶದ ಹುತ್ರಿದುರ್ಗದ ಕೋಟೆಗೆ ಮಾಗಡಿ ಹೊರಗಿನದಾಗಿರಲಿಲ್ಲ, ಇವತ್ತು ಅದು ಬೇರೆ ಜಿಲ್ಲೆ. ಗಡಿ ದಾಟಿ ಮಾಗಡಿ ಕಡೆಯ ಶಾಲೆಗೆ ಹೋದ ಮಗು ಆ ಜಿಲ್ಲೆಯ ಅಂಕಿಯಾಗುತ್ತದೆ. ಹೀಗೆ ಸೋಸಿ ಉಳಿದವರ ಸರಾಸರಿಯನ್ನು ತುಮಕೂರು ನಗರದ ಶಾಲೆಯ ಸರಾಸರಿಯೊಂದಿಗೆ ಹೋಲಿಸಿ ಬೋಧನೆಯ ಗುಣಮಟ್ಟ ಎಂದರೆ ಅದು ಬೋಧನೆಯ ಮಾತಲ್ಲ, ದಾಖಲಾತಿಯ ಮಾತು.

ಇದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಉತ್ತರವಿದೆ: ಎಂಟನೇ ತರಗತಿಗೆ ಬಂದಾಗ ಮಗುವಿಗೆ ಏನು ಬರುತ್ತಿತ್ತು ಎಂಬುದನ್ನು ರಿಗ್ರೆಷನ್ನಿನಲ್ಲಿ ಸೇರಿಸಿ, ಹತ್ತನೆಯದರಲ್ಲಿ ನಿರೀಕ್ಷೆಗಿಂತ ಎಷ್ಟು ಮುಂದೆ ಹೋಯಿತು ಎಂದು ನೋಡುವುದು. ಆದರೆ ಆ ಆರಂಭದ ಅಂಕವೇ ನಮ್ಮಲ್ಲಿ ಗಟ್ಟಿಯಾಗಿಲ್ಲ. ಶಾಲಾ ಮಕ್ಕಳ ದಾಖಲೆಯಿಡುವ ಸ್ಯಾಟ್ಸ್ ತಂತ್ರಾಂಶದಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆಯಿದೆ, ಸಂಕಲನಾತ್ಮಕ ಮೌಲ್ಯಮಾಪನದ ಅಂಕಗಳೂ ಇವೆ; ಮೌಲ್ಯಮಾಪನ ಮಾತ್ರ ಆಯಾ ಶಾಲೆಯದೇ. ಧಾರಾಳವಾಗಿ ಅಂಕ ಕೊಡುವ ಶಾಲೆಯ ಮಕ್ಕಳು ಹತ್ತನೇ ತರಗತಿಗೆ ಹಿಂದೆ ಬಿದ್ದಂತೆ ಕಾಣುತ್ತಾರೆ, ಬಿಗಿಯಾಗಿ ಕೊಡುವ ಶಾಲೆ ಪವಾಡ ಮಾಡಿದಂತೆ. ಐದು, ಎಂಟು, ಒಂಬತ್ತನೇ ತರಗತಿಗೆ ರಾಜ್ಯಮಟ್ಟದ ಪರೀಕ್ಷೆ ನಡೆಸುವ ಪ್ರಯತ್ನ ಕೋರ್ಟು ಮೆಟ್ಟಿಲೇರಿ, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಫಲಿತಾಂಶಕ್ಕೆ ತಡೆ ನೀಡಿತು. ಮಕ್ಕಳ ಮೇಲೆ ಪಬ್ಲಿಕ್ ಪರೀಕ್ಷೆಯ ಹೊರೆ ಬೇಡವೆನ್ನುವುದನ್ನು ನಾನೂ ಒಪ್ಪುತ್ತೇನೆ. ಪಾಸು-ಫೇಲಿಲ್ಲದ, ಹೆಸರು ಪ್ರಕಟಿಸದ, ಬೇರೆ ಶಾಲೆಯವರು ಮೌಲ್ಯಮಾಪನ ಮಾಡುವ ಒಂದು ಸಣ್ಣ ಪರೀಕ್ಷೆ ಸಾಕಿತ್ತು.

ಅಂಥ ಅಂಕ ಸಿಕ್ಕಿದರೂ ಸಣ್ಣ ಸಂಖ್ಯೆಯ ತೊಡಕು ಉಳಿಯುತ್ತದೆ. ಬಳ್ಳಾರಿ ಸೀಮೆಯ ಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ 1945ರ ಪ್ರಬಂಧದಲ್ಲಿ ಸಾಧಿಸಿದ್ದು ಇಲ್ಲಿ ನೇರವಾಗಿ ಅನ್ವಯಿಸುತ್ತದೆ: ಪಕ್ಷಪಾತವಿಲ್ಲದ ಯಾವ ಅಂದಾಜಿನ ಅನಿಶ್ಚಿತತೆಯೂ ದತ್ತಾಂಶದೊಳಗಿನ ಮಾಹಿತಿ ನಿಗದಿಪಡಿಸುವ ಮಟ್ಟಕ್ಕಿಂತ ಕೆಳಗಿಳಿಯಲಾರದು. ಇಪ್ಪತ್ತೆರಡು ಮಕ್ಕಳಲ್ಲಿ ಇರುವಷ್ಟೇ ಮಾಹಿತಿ ಇರುತ್ತದೆ. ಕಂಪ್ಯೂಟರು ಎಷ್ಟೇ ದೊಡ್ಡದಿರಲಿ. ಬಹುಸ್ತರ ಮಾದರಿಗಳು ಆರಿಸಿಕೊಳ್ಳುವ ದಾರಿ ಸ್ವಲ್ಪ ಪಕ್ಷಪಾತವನ್ನು ಒಪ್ಪಿಕೊಂಡು ಅಲುಗಾಟವನ್ನು ತಗ್ಗಿಸುವುದು. ಪ್ರತಿ ಶಾಲೆಯ ಅಂದಾಜನ್ನು ಒಟ್ಟು ಸರಾಸರಿಯ ಕಡೆಗೆ ಎಳೆಯಲಾಗುತ್ತದೆ, ಶಾಲೆ ಚಿಕ್ಕದಾದಷ್ಟೂ ಹೆಚ್ಚು. ಆರಂಭದ ಅಂಕವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಉಳಿಯುವ ವ್ಯತ್ಯಾಸದಲ್ಲಿ ಶಾಲೆಯ ಪಾಲು ಶೇ. 5 ಎಂದುಕೊಂಡರೆ, ನೂರು ಮಕ್ಕಳ ಶಾಲೆಯ ಅಂಕಿಗೆ ಸುಮಾರು 0.84ರಷ್ಟು ತೂಕ, ಇಪ್ಪತ್ತೈದರ ಶಾಲೆಗೆ 0.57, ಹತ್ತರ ಶಾಲೆಗೆ 0.34 ಮಾತ್ರ. ಉಳಿದದ್ದು ಜಿಲ್ಲೆಯ ಸರಾಸರಿಯ ಪಾಲು. ಮೂರು ವರ್ಷಗಳ ಮಕ್ಕಳನ್ನು ಒಟ್ಟುಗೂಡಿಸಿದರೆ ಹತ್ತರ ಶಾಲೆ ಮೂವತ್ತರದಾಗಿ ತೂಕ 0.61ಕ್ಕೆ ಏರುತ್ತದೆ. ಮೂರು ವರ್ಷದ ಒಟ್ಟು ಲೆಕ್ಕವಿಲ್ಲದೆ ಸಣ್ಣ ಶಾಲೆಗಳಿಗೆ ನೋಟಿಸು ಕಳಿಸಬಾರದೆಂದು ನಾನು ಹೇಳುವುದು ಈ ಗಣಿತದ ಬಲದಿಂದ, ಶಿಕ್ಷಕರ ಮೇಲಿನ ಕನಿಕರದಿಂದಲ್ಲ.

ಆದರೂ ಒಂದು ಗಂಟು ಬಿಚ್ಚುವುದಿಲ್ಲ. ಇಂಥ ಶಾಲೆಯಲ್ಲಿ ಗಣಿತಕ್ಕೆ ಇರುವವರು ಒಬ್ಬರೇ. ಗಣಿತದ ಮಟ್ಟಿಗೆ ಶಾಲೆಯ ಪರಿಣಾಮ ಎಂಬ ಗುಣಾಂಕ ಆ ಮೇಷ್ಟ್ರೋ ಮೇಡಮ್ಮೋ ಆಗಿಬಿಡುತ್ತದೆ; ಕಟ್ಟಡ, ಮುಖ್ಯ ಶಿಕ್ಷಕರು, ಊರು ಯಾವುದನ್ನೂ ಅವರಿಂದ ಬೇರ್ಪಡಿಸಲಾಗದು. ಬೇರ್ಪಡಿಸುವ ಅವಕಾಶ ಸಿಗುವುದು ವರ್ಗಾವಣೆಯಲ್ಲಿ. ಅಮೆರಿಕದಲ್ಲಿ ರಾಜ್ ಚೆಟ್ಟಿ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನಗಳು ಶಿಕ್ಷಕರು ಶಾಲೆ ಬದಲಿಸಿದಾಗ ಮಕ್ಕಳ ಅಂಕ ಹೇಗೆ ಬದಲಾಯಿತೆಂದು ನೋಡಿಯೇ ತಮ್ಮ ಅಂದಾಜನ್ನು ಪರೀಕ್ಷಿಸಿದವು. ನಮ್ಮಲ್ಲಿ ಕಾಯಂ ಶಿಕ್ಷಕರ ವರ್ಗಾವಣೆ ಕಾಯ್ದೆಯಡಿ, ಕೌನ್ಸೆಲಿಂಗ್ ಮೂಲಕ ನಡೆಯುತ್ತದೆ. ಯಾರು ಯಾವ ಶಾಲೆಯಿಂದ ಯಾವ ಶಾಲೆಗೆ ಹೋದರೆಂಬುದಕ್ಕೆ ಆದೇಶಗಳಿವೆ. ಅತಿಥಿ ಶಿಕ್ಷಕರು ಕೌನ್ಸೆಲಿಂಗ್‌ಗೆ ಒಳಪಡುವುದಿಲ್ಲ, ಅವರ ನೇಮಕ ಆಯಾ ಶೈಕ್ಷಣಿಕ ವರ್ಷದ ಮಟ್ಟಿಗೆ ಮಾತ್ರ. ಯಾವ ವರ್ಷ, ಎಷ್ಟು ತಿಂಗಳು ಗಣಿತದ ಪಾಠ ಅತಿಥಿ ಶಿಕ್ಷಕರ ಕೈಯಲ್ಲಿತ್ತು ಎಂಬುದನ್ನು ಪ್ರತ್ಯೇಕ ಚಲಕವಾಗಿ ದಾಖಲಿಸದ ಮಾದರಿ, ಖಾಲಿ ಬಿದ್ದ ಹುದ್ದೆಯ ಲೆಕ್ಕವನ್ನೂ ಆ ವರ್ಷದ ಮುಖ್ಯ ಶಿಕ್ಷಕರ ಖಾತೆಗೇ ಬರೆಯುತ್ತದೆ.