ಹಂಡೆ, ಸೀಗೆ, ಸೋಪು: ಮೈತೊಗಲಿನ ಒಂದು ಚರಿತ್ರೆ

ಕೆರೆಗಳ, ಕೋಟೆಗಳ, ದಂಗೆಗಳ ಚರಿತ್ರೆ ನಮ್ಮಲ್ಲಿ ಸಾಕಷ್ಟಿದೆ. ಬಚ್ಚಲುಮನೆಯ ಚರಿತ್ರೆಯನ್ನು ಬರೆದವರು ಕಡಿಮೆ. ಆದರೆ ಜನ ಯಾವ ನೀರಿನಲ್ಲಿ, ಎಷ್ಟು ದಿನಕ್ಕೊಮ್ಮೆ, ಏನನ್ನು ಹಚ್ಚಿಕೊಂಡು ಮಿಂದರು ಎಂಬ ಸಣ್ಣ ಪ್ರಶ್ನೆಯ ಹಿಂದೆ ಹೋದರೆ ಒಂದು ಸೀಮೆಯ ನೀರು, ದುಡಿಮೆ, ಜಾತಿ, ಮಾರುಕಟ್ಟೆ ಎಲ್ಲವೂ ಕಾಣಿಸತೊಡಗುತ್ತವೆ. ಚರ್ಮದ ಆರೋಗ್ಯವನ್ನು ನಾವು ಇಂದು ವ್ಯಕ್ತಿಯೊಬ್ಬರ ಶಿಸ್ತಿನ ವಿಷಯವೆಂದು ಮಾತಾಡುತ್ತೇವೆ. ಅದಕ್ಕೆ ಊರಿನ ಚರಿತ್ರೆಯೂ ಇದೆ ಎಂಬುದನ್ನು ನೋಡಲು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳು ಒಳ್ಳೆಯ ಉದಾಹರಣೆ.

ಇವು ಇಂದು ಒಂದೇ ಜಿಲ್ಲೆಯ ತಾಲ್ಲೂಕುಗಳು. ಆದರೆ 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ಮುನ್ನ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ ತೀರಾ ಇತ್ತೀಚೆಗೆ ಬೇರೆ ತಾಲ್ಲೂಕಾಯಿತು. ನೀರಿನ ಲೆಕ್ಕದಲ್ಲಂತೂ ಇವು ಒಂದಾಗಿಯೇ ಇಲ್ಲ. ಹೊನ್ನಾಳಿಯ ಮಗ್ಗುಲಲ್ಲೇ ತುಂಗಭದ್ರೆ ಹರಿಯುತ್ತಾಳೆ. ಚನ್ನಗಿರಿಗೆ ಸೂಳೆಕೆರೆ ಎಂಬ ಶಾಂತಿಸಾಗರವಿದೆ, ಭದ್ರಾ ನಾಲೆಯಿದೆ. ಜಗಳೂರು ಮಳೆಯ ಮುಖ ನೋಡುತ್ತ ಬದುಕಿದ ಬಯಲು. ಮೂರು ಬಗೆಯ ನೀರು ಇರುವಲ್ಲಿ ಮೂರು ಬಗೆಯ ಮೈ ಇರುವುದು ಸಹಜ.

ಮೈಯ ಆರೈಕೆಯ ಮಾತು ಕನ್ನಡಕ್ಕೆ ಹಳೆಯದು. ವಡ್ಡಾರಾಧನೆಯ ಸನತ್ಕುಮಾರ ಚಕ್ರವರ್ತಿಯ ಕಥೆಯನ್ನು ನೆನೆಯಬಹುದು. ರೂಪಕ್ಕೆ ಹೆಸರಾದ ಅರಸನೊಬ್ಬ ಆ ರೂಪ ಕುಂದುವುದೆಂದು ಅರಿತು ವಿರಕ್ತನಾಗುತ್ತಾನೆ. ಮುನಿಯಾದ ಮೇಲೆ ಮೈಗೆ ರೋಗಗಳು ಮುತ್ತಿದರೂ ಮದ್ದು ಬೇಡವೆನ್ನುತ್ತಾನೆ. ಅದೇ ನಾಡಿನಲ್ಲಿ 11ನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ ವೈದ್ಯ, ಸುಗಂಧ, ಅಡುಗೆಗಳ ಜೊತೆಗೆ ನೆಲದಡಿಯ ನೀರನ್ನು ಕಂಡುಹಿಡಿಯುವ ಬಗೆಯನ್ನೂ ಹೇಳುತ್ತದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ ಸ್ನಾನವನ್ನು ಅರಸನ ಭೋಗಗಳಲ್ಲಿ ಒಂದೆಂದು ಎಣಿಸಿದೆ. ಸ್ನಾನ ಭೋಗವಾಗಲು ಸೇವಕರು ಬೇಕು, ನೀರು ಬೇಕು. ಎರಡೂ ಎಲ್ಲರಿಗೂ ಇರಲಿಲ್ಲ.

ಸಾಮಾನ್ಯರ ಮನೆಯಲ್ಲಿ ಇದ್ದದ್ದು ಹಂಡೆ ಮತ್ತು ವಾರದ ಎರೆದುಕೊಳ್ಳುವಿಕೆ. ಹರಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಮೈಗೆ ತಿಕ್ಕಿ, ನೆನೆಯಲು ಬಿಟ್ಟು, ಸೀಗೇಪುಡಿಯಿಂದಲೋ ಕಡಲೆಹಿಟ್ಟಿನಿಂದಲೋ ಅಂಟುವಾಳದ ನೊರೆಯಿಂದಲೋ ತೆಗೆಯುತ್ತಿದ್ದರು. ಉಳಿದ ದಿನ ಕೈಕಾಲು ಮುಖ ತೊಳೆದರೆ ಆಯಿತು. ದೀಪಾವಳಿಯ ನೀರು ತುಂಬುವ ಹಬ್ಬ ಈ ರೂಢಿಗೆ ಕೊಟ್ಟ ಗೌರವ. ಇದರ ಹಿಂದಿನ ಲೆಕ್ಕ ಸರಳ. ಚರ್ಮದ ಹೊರಪದರ ತುಸು ಆಮ್ಲೀಯ. ಅದರ ಪಿಎಚ್ ಸುಮಾರು 5. ಅಲ್ಲಿನ ಜಿಡ್ಡು ಮೈಯ ತೇವವನ್ನು ಹಿಡಿದಿಡುತ್ತದೆ, ಹೊರಗಿನ ಸೋಂಕನ್ನು ತಡೆಯುತ್ತದೆ. ಸೀಗೆಯೂ ತುಸು ಆಮ್ಲೀಯವೇ. ಅದು ಹೆಚ್ಚಾದ ಎಣ್ಣೆಯನ್ನು ತೆಗೆಯುತ್ತದೆ, ಎಲ್ಲವನ್ನೂ ದೋಚುವುದಿಲ್ಲ. ನೀರು ಕಡಿಮೆಯಿದ್ದ ಸೀಮೆಗೆ, ಬಿಸಿಲಲ್ಲಿ ಬಿರಿಯುವ ಮೈಗೆ ಇದು ಒಪ್ಪುವ ಪದ್ಧತಿಯಾಗಿತ್ತು.

ಹಾಗೆಂದು ಹಿಂದಿನದೆಲ್ಲ ಚಿನ್ನ ಎನ್ನುವಂತಿಲ್ಲ. ಒಂದೇ ಕಂಬಳಿಯಲ್ಲಿ ಮನೆಮಂದಿ ಮಲಗುತ್ತಿದ್ದ ಕಾಲದಲ್ಲಿ ಕಜ್ಜಿ ಒಬ್ಬರಿಗೆ ಬಂದರೆ ಎಲ್ಲರಿಗೂ ಬರುತ್ತಿತ್ತು. ಗಂಧಕ, ಹೊಂಗೆ ಎಣ್ಣೆ, ಬೇವಿನ ಸೊಪ್ಪು ಅದಕ್ಕೆ ಮದ್ದು. ಇದಕ್ಕಿಂತ ಘೋರವಾದದ್ದು ನಾರುಹುಣ್ಣು. ಮೆಟ್ಟಿಲುಬಾವಿಗೆ ಇಳಿದು, ಕಾಲು ನೀರಿಗೆ ಬಿಟ್ಟು ಕೊಡ ತುಂಬುವುದು ಎಷ್ಟು ಸಹಜವಾದ ಅಭ್ಯಾಸ! ಆದರೆ ಹುಣ್ಣಾದ ಕಾಲಿನಿಂದ ಹುಳುವಿನ ಮರಿಗಳು ನೀರಿಗೆ ಬೀಳುತ್ತಿದ್ದವು, ನೀರಿನ ಸಣ್ಣ ಜೀವಿಗಳ ಮೂಲಕ ಕುಡಿದವರ ಹೊಟ್ಟೆ ಸೇರುತ್ತಿದ್ದವು, ಸುಮಾರು ವರ್ಷದ ನಂತರ ನೂಲಿನಂತೆ ಮತ್ತೆ ಚರ್ಮ ಸೀಳಿ ಹೊರಬರುತ್ತಿದ್ದವು. ಈ ರೋಗ ಕಾಡಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನೀರು ಸೋಸಿ ಕುಡಿಯುವುದು, ಮೆಟ್ಟಿಲುಬಾವಿಯನ್ನು ಸೇದುವ ಬಾವಿಯಾಗಿ ಬದಲಿಸುವುದು, ಕೈಪಂಪು ಹಾಕುವುದು ಇವೇ ಅದನ್ನು ಗೆದ್ದವು. ದೇಶದ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲಿ ಭಾರತವನ್ನು ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು. ಊರ ಬಾವಿಯನ್ನು ಮುಟ್ಟುವಂತಿಲ್ಲದ ಕೇರಿಗಳಿಗೆ ಮಾತ್ರ ಮೊದಲ ರೋಗ ನೀರಿನ ನಿರಾಕರಣೆಯೇ ಆಗಿತ್ತು. ಎರೆದುಕೊಳ್ಳುವ ಸುಖವನ್ನು ನೆನೆಯುವಾಗ ಇದನ್ನು ಮರೆಯಬಾರದು.

ಈ ನಡುವೆ ಸೋಪು ಬಂತು. ಮೊದಲ ಮಹಾಯುದ್ಧದಿಂದ ಮೈಸೂರಿನ ಗಂಧದ ಮರದ ರಫ್ತು ನಿಂತಾಗ, 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ತೆಗೆಯುವ ಕೆಲಸ ಶುರುವಾಯಿತು. ಅದರ ಬೆನ್ನಲ್ಲೇ ಸರ್ಕಾರಿ ಸಾಬೂನು ಕಾರ್ಖಾನೆ ತಲೆಯೆತ್ತಿತು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯ, ರಸಾಯನ ವಿಜ್ಞಾನಿ ಎಸ್.ಜಿ. ಶಾಸ್ತ್ರಿ ಇದರ ಹಿಂದಿದ್ದವರು. ಶಿವಮೊಗ್ಗೆಯಲ್ಲೂ 1944ರಲ್ಲಿ ಗಂಧದೆಣ್ಣೆಯ ಕಾರ್ಖಾನೆಯಾಯಿತು. ರೈತನ ಹೊಲದಲ್ಲೇ ಬೆಳೆದರೂ ಗಂಧದ ಮರ ಸರ್ಕಾರದ್ದಾಗಿದ್ದ ಕಾಲವದು. ಮರ ಮುಟ್ಟುವಂತಿಲ್ಲದ ರೈತನ ಮನೆಗೆ ಅದರ ಪರಿಮಳ ಬಿಲ್ಲೆಯಾಗಿ, ಬೆಲೆಗೆ ಬಂತು.

ಸೋಪಿನಿಂದ ಉಪಕಾರವಾಗಿದೆ, ಕೈತೊಳೆಯುವ ಅಭ್ಯಾಸ ಎಷ್ಟೋ ಮಕ್ಕಳ ಜೀವ ಉಳಿಸಿದೆ. ತೊಡಕು ಬೇರೆಡೆ ಇದೆ. ಸೋಪು ಬಂದಾಗ ಎಣ್ಣೆ ಹೋಯಿತು, ವಾರದ ಸ್ನಾನ ದಿನದ್ದಾಯಿತು, ಕೆರೆ-ಬಾವಿಗಳು ಬತ್ತಿ ಕೊಳವೆಬಾವಿ ಬಂತು. ಆಳದಿಂದ ಬರುವ ಗಡಸು ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು. ಬೇಳೆ ಬೇಯದ, ಸೋಪು ನೊರೆ ಕಟ್ಟದ ನೀರು ಎಂದು ಹೆಂಗಸರು ಅದನ್ನು ಗುರುತಿಸುತ್ತಾರೆ. ನೊರೆ ಬರಲಿಲ್ಲವೆಂದು ಇನ್ನಷ್ಟು ತಿಕ್ಕುತ್ತೇವೆ. ಸೋಪು ಸುಣ್ಣದೊಡನೆ ಸೇರಿ ಗಸಿಯಾಗಿ ಮೈಮೇಲೆ ಉಳಿಯುತ್ತದೆ. ಸೋಪಿನ ಪಿಎಚ್ 9ರಿಂದ 10. ಜೊತೆಗೆ ಸುಡುವ ಬಿಸಿನೀರು. ಜಗಳೂರಿನಂಥ ಒಣಸೀಮೆಯಲ್ಲಿ ಇವೆಲ್ಲ ಕೂಡಿದರೆ ಮೈ ಬಿಳಿಚಿ, ತುರಿಸಿ, ಇಸಬು ಇದ್ದವರಿಗೆ ಅದು ಉಲ್ಬಣಿಸುವುದು ಆಶ್ಚರ್ಯವಲ್ಲ.

ದುಡಿಮೆಯೂ ಮೈಮೇಲೆ ಬರೆಯುತ್ತದೆ. ಚನ್ನಗಿರಿ ಅಡಿಕೆಯ ಸೀಮೆ. ಹಸಿ ಅಡಿಕೆ ಸುಲಿಯುವವರ ಬೆರಳುಗಳು ಕೊಯ್ಲಿನ ತಿಂಗಳುಗಳಲ್ಲಿ ಚೊಗರಿನಿಂದ ಕಪ್ಪಾಗಿಯೇ ಇರುತ್ತವೆ. ಯಾವ ಸೋಪಿಗೂ ಅದು ಹೋಗದು. ಹೊಸ ಚರ್ಮ ಬಂದ ಮೇಲೇ ಹೋಗುವುದು. ಭತ್ತದ ಗದ್ದೆಯಲ್ಲಿ ದಿನವಿಡೀ ನಿಂತವರಿಗೆ ಬೆರಳ ಸಂದು ಕೊಳೆಯುತ್ತದೆ. ಮೆಕ್ಕೆಜೋಳಕ್ಕೆ ತುಂಬುತೋಳಿನ ಅಂಗಿಯಿಲ್ಲದೆ ಔಷಧಿ ಹೊಡೆಯುವವರ ಮೈಗೆ ವಿಷ ಚರ್ಮದ ಮೂಲಕವೇ ಇಳಿಯುತ್ತದೆ. ‘ದಿನಚರಿ ಸರಿಪಡಿಸಿಕೊಳ್ಳಿ’ ಎಂಬ ಸಲಹೆ ಇವರ ಮುಂದೆ ಅರ್ಧ ಸತ್ಯ ಮಾತ್ರ. ಇವರ ದಿನಚರಿಯನ್ನು ನಿರ್ಧರಿಸುವುದು ಕೂಲಿ.

ಈ ಕಪ್ಪಾದ, ಬಿರಿದ ಮೈಗಳ ಮುಂದೆಯೇ ಬೆಳ್ಳಗಾಗುವ ಆಸೆಯ ಮಾರುಕಟ್ಟೆ ತೆರೆಯಿತು. 1975ರಲ್ಲಿ ಬಂದ ‘ಫೇರ್ ಅಂಡ್ ಲವ್ಲಿ’ ತನ್ನ ಹೆಸರಿನ ‘ಫೇರ್’ ಬಿಡಲು 2020 ಬರಬೇಕಾಯಿತು. ಅದಕ್ಕಿಂತ ಅಪಾಯದ್ದು ಸ್ಟೀರಾಯ್ಡ್ ಬೆರೆತ ಮುಲಾಮು. ಗಜಕರ್ಣಕ್ಕೋ ಮುಖದ ಕಲೆಗೋ ಅಂಗಡಿಯಲ್ಲಿ ಕೇಳಿ ತಂದ ಟ್ಯೂಬು ನಾಲ್ಕು ದಿನದಲ್ಲಿ ತುರಿಕೆ ನಿಲ್ಲಿಸುತ್ತದೆ, ಮುಖಕ್ಕೆ ಹೊಳಪು ಕೊಡುತ್ತದೆ. ಒಳಗೆ ಶಿಲೀಂಧ್ರ ಹಬ್ಬುತ್ತಲೇ ಇರುತ್ತದೆ, ಚರ್ಮ ತೆಳುವಾಗುತ್ತದೆ. ಬಿಟ್ಟೊಡನೆ ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ. ಹಟಮಾರಿ ಗಜಕರ್ಣ ದೇಶದ ತುಂಬ ಹಬ್ಬಿದ್ದಕ್ಕೆ ಈ ದುರ್ಬಳಕೆಯೂ ಒಂದು ಕಾರಣವೆಂದು ಚರ್ಮವೈದ್ಯರು ಎಚ್ಚರಿಸುತ್ತ ಬಂದಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿಯಮ ಬಿಗಿಗೊಳಿಸಿತು.

ಹಾಗಾದರೆ ಹಂಡೆಯ ಕಾಲಕ್ಕೆ ಮರಳಬೇಕೆ? ಮರಳುವುದು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಆ ರೂಢಿಯಲ್ಲಿದ್ದ ಹದವನ್ನು ಮಾತ್ರ ಉಳಿಸಿಕೊಳ್ಳಬಹುದು. ಉಗುರುಬೆಚ್ಚಗಿನ ನೀರು, ಬೆವರು-ಕೊಳೆ ಕೂಡುವ ಕಡೆಗಷ್ಟೇ ಸೋಪು, ಮೈ ಇನ್ನೂ ತೇವವಿರುವಾಗಲೇ ತುಸು ಎಣ್ಣೆ, ಒಣಗಿದ ಬಟ್ಟೆ, ಪ್ರತಿಯೊಬ್ಬರಿಗೂ ಬೇರೆ ಟವೆಲು. ಇವಕ್ಕೆ ಹೆಚ್ಚು ದುಡ್ಡು ಬೇಡ. ಸುಲಿಯುವವರಿಗೆ ಕೈಗವಸು, ಔಷಧಿ ಹೊಡೆಯುವವರಿಗೆ ಮೈತುಂಬ ಬಟ್ಟೆ, ಜಗಳೂರಿನ ಕೆರೆಗಳಿಗೆ ತುಂಗಭದ್ರೆಯ ನೀರು ಇವು ಮಾತ್ರ ಒಬ್ಬೊಬ್ಬರ ಶಿಸ್ತಿನಿಂದ ಆಗುವಂಥವಲ್ಲ. ನಾರುಹುಣ್ಣನ್ನು ಮುಲಾಮಿನಿಂದ ಗೆಲ್ಲಲಿಲ್ಲ. ನೀರು ಸೇದುವ, ಕುಡಿಯುವ ಬಗೆಯನ್ನು ಊರೂರೇ ಬದಲಿಸಿಕೊಂಡಿತು. ಜಗಳೂರಿನ ಒಣ ಮೈಗೂ ಚನ್ನಗಿರಿಯ ಕಪ್ಪು ಬೆರಳಿಗೂ ಮದ್ದು ಹುಡುಕುವಾಗ ಆ ಅನುಭವ ನಮ್ಮ ಕೈಯಲ್ಲಿದೆ.